ಬಾಗಿಲು ತಟ್ಟಲು ಹೆದರಿದವರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಎಲ್ಲರೂ ಓದುವ ಜಾಗದಲ್ಲಿ ಬರೆದೆನೆಂದು ಮುನಿಯಬೇಡ. ನಿನಗೊಬ್ಬನಿಗೇ ಬರೆದರೆ ನೀನು ಉತ್ತರಿಸುವುದಿಲ್ಲ, ನಾಲ್ಕು ಜನ ನೋಡುತ್ತಿದ್ದರೆ ಮಾತ್ರ ನಿನ್ನ ಪೆನ್ನಿಗೆ ಶಾಯಿ ಇಳಿಯುತ್ತದೆ. ಈಚೆಗೆ ಸೋವಿಯತ್ ಒಕ್ಕೂಟವನ್ನು ಆಳಿದ ಸ್ಟಾಲಿನ್‌ನ ಕೊನೆಯ ದಿನಗಳ ಬಗ್ಗೆ ಓದುತ್ತಿದ್ದೇನೆ. ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ.

1953ರ ಮಾರ್ಚ್ 1ರಂದು, ಮಾಸ್ಕೋ ಹೊರವಲಯದ ಕುಂತ್ಸೆವೊದ ಮನೆಯಲ್ಲಿ, ಬೆರಿಯಾ, ಕ್ರುಶ್ಚೇವ್ ಮುಂತಾದ ಅವನ ಆಪ್ತ ನಾಯಕರು ಬೆಳಗಿನ ಜಾವದವರೆಗೆ ಉಂಡು ಕುಡಿದು ಹೋದ ಮೇಲೆ, ಮಧ್ಯಾಹ್ನ ಕಳೆದರೂ ಸ್ಟಾಲಿನ್ ಕೋಣೆಯಿಂದ ಹೊರಬರಲಿಲ್ಲ. ಕರೆಯದೆ ಒಳಗೆ ಕಾಲಿಡುವ ಧೈರ್ಯ ಯಾರಿಗಿತ್ತು? ಕಾವಲಿನವರು ‘ನೀನು ಹೋಗು, ನೀನು ಹೋಗು’ ಎನ್ನುತ್ತಲೇ ಸಂಜೆ ಮಾಡಿದರು. ರಾತ್ರಿ ಟಪಾಲಿನ ನೆಪದಲ್ಲಿ ಲೊಜ್ಗಚೇವ್ ಎಂಬಾತ ಒಳಗೆ ಹೋದಾಗ, ಆ ಸರ್ವಾಧಿಕಾರಿ ಪಾರ್ಶ್ವವಾಯು ಬಡಿದು, ಒದ್ದೆಯಾದ ಬಟ್ಟೆಯಲ್ಲಿ, ಮಾತು ಹೊರಡದೆ ನೆಲದ ಮೇಲೆ ಬಿದ್ದಿದ್ದ. ವೈದ್ಯರು ಬಂದದ್ದು ಮರುದಿನ ಬೆಳಗ್ಗೆ. ಅವರ ಕೈಗಳೂ ನಡುಗುತ್ತಿದ್ದವಂತೆ. ನಡುಗದೆ ಏನು ಮಾಡಿಯಾರು? ಕೆಲಸ ಕಡಿಮೆ ಮಾಡಿ ಎಂದು ಸಲಹೆ ಕೊಟ್ಟಿದ್ದ ಅವನ ಸ್ವಂತ ವೈದ್ಯ ವಿನೊಗ್ರಾದೊವ್ 1952ರ ನವೆಂಬರಿನಿಂದ ಸೆರೆಮನೆಯಲ್ಲಿದ್ದ. ವೈದ್ಯರು ನಾಯಕರ ಕೊಲೆಗೆ ಸಂಚು ಹೂಡಿದ್ದಾರೆಂದು ಜನವರಿಯಲ್ಲಿ ಪತ್ರಿಕೆಗಳು ಸಾರಿದ್ದವು. ವರ್ಷಗಟ್ಟಲೆ ಅವನನ್ನು ಕಾಯ್ದಿದ್ದ ಅಂಗರಕ್ಷಕ ದಳದ ಮುಖ್ಯಸ್ಥ ವ್ಲಾಸಿಕ್ ಕೂಡ ಆಗಲೇ ಬಂಧಿತನಾಗಿದ್ದ. ಮಾರ್ಚ್ 5ರಂದು ಸ್ಟಾಲಿನ್ ಸತ್ತ.

ಹಳೆಯ ಲೆಕ್ಕವೂ ಹೀಗೆಯೇ ಇದೆ. ಸೇನೆಯ ಅತ್ಯುನ್ನತ ಹುದ್ದೆಯಲ್ಲಿ ಇದ್ದ ಐವರು ಮಾರ್ಷಲ್‌ಗಳಲ್ಲಿ ತುಖಚೆವ್‌ಸ್ಕಿ ಸೇರಿ ಮೂವರನ್ನು ಆತನ ಸಂಶಯ ನುಂಗಿತು. ಉಳಿದದ್ದು ಹೌದಪ್ಪನ ಚಾವಡಿ. ವಿಚಿತ್ರವೆಂದರೆ, ತನ್ನ ಸೇನಾಪತಿಗಳನ್ನು ನಂಬದಿದ್ದ ಈ ಮನುಷ್ಯ 1941ರಲ್ಲಿ ಜರ್ಮನಿಯ ದಾಳಿಯ ಬಗ್ಗೆ ತನ್ನದೇ ಗೂಢಚಾರರು ಕಳುಹಿಸಿದ ಎಚ್ಚರಿಕೆಗಳನ್ನು ಬದಿಗೆ ತಳ್ಳಿ, ಅದರಲ್ಲಿ ಬ್ರಿಟಿಷರ ಕುತಂತ್ರವನ್ನು ಕಂಡ.

ಇದನ್ನೆಲ್ಲ ಓದುವಾಗ ನನಗೆ ಗಾಬರಿಯಾದದ್ದು ಅವನ ಕ್ರೌರ್ಯದಿಂದಲ್ಲ, ಅದು ಗೊತ್ತಿದ್ದದ್ದೇ. ಆ ಮನಸ್ಸಿನ ಓಟ ನನಗೆ ಸುಲಭವಾಗಿ ಅರ್ಥವಾಗುತ್ತಿತ್ತಲ್ಲ, ಅದರಿಂದ. ವಿಭಾಗದ ಮುಖ್ಯಸ್ಥನಾದ ಮೇಲೆ ನಾನು ಒಳಗೆ ಬಂದೊಡನೆ ನಗು ನಿಲ್ಲುತ್ತದೆ. ಮೊದಮೊದಲು ಕಸಿವಿಸಿಯಾಗುತ್ತಿತ್ತು, ಆಮೇಲೆ, ನಿಜ ಹೇಳುತ್ತೇನೆ, ಹಿತವಾಗತೊಡಗಿತು. ನಾನಿಲ್ಲದ ಒಂದು ವಾಟ್ಸ್ಯಾಪ್ ಗುಂಪು ಇದೆಯೆಂದು ತಿಳಿದಂದಿನಿಂದ, ಅದರಲ್ಲಿ ಯಾರಿರಬಹುದು, ಯಾರು ಯಾರ ಜೊತೆ ಊಟಕ್ಕೆ ಹೋದರು ಎಂದು ಮಲಗುವ ಮುನ್ನ ಮನಸ್ಸಿನಲ್ಲೇ ಪಟ್ಟಿ ಮಾಡುತ್ತೇನೆ. ಕೆಟ್ಟ ಸುದ್ದಿ ಈಗ ನನಗೆ ಎಲ್ಲರಿಗಿಂತ ಕೊನೆಗೆ ತಲುಪುತ್ತದೆ, ಅದಕ್ಕೂ ಆ ಪಟ್ಟಿಯಲ್ಲೇ ಕಾರಣ ಹುಡುಕುತ್ತೇನೆ. ಒಂದು ರಾತ್ರಿ ನಿನ್ನ ಹೆಸರೂ ಅದರೊಳಗೆ ಬಂತು. ನೀನು ನನ್ನ ಕಚೇರಿಯವನೂ ಅಲ್ಲ.

ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ. ಬಿಡು, ಒಂದು ಹಾಳಾದ ಪ್ರಿಂಟರು ಮತ್ತು ಕಿಟಕಿ ಪಕ್ಕದ ಕುರ್ಚಿ ಸೇರಿ ಆದ ಸಾಮ್ರಾಜ್ಯಕ್ಕೆ ಇಷ್ಟು ಇತಿಹಾಸ ಹೆಚ್ಚಾಯಿತು. ನಮ್ಮಲ್ಲಿ ಚಹಾ ತರುವ ಹಿರಿಯರು ಬಾಗಿಲು ತಟ್ಟದೆಯೇ ಒಳನುಗ್ಗಿ, ಸಕ್ಕರೆ ಕಮ್ಮಿ ಮಾಡಿ ಸಾರ್ ಎಂದು ಎಲ್ಲರೆದುರು ಬೈಯುತ್ತಾರೆ. ಅವರನ್ನು ವರ್ಗ ಮಾಡಿಸುವ ಅಧಿಕಾರ ನನಗಿಲ್ಲ. ವಿಚಾರಿಸಿ ನೋಡಿದ್ದೇನೆ.

ಇಂತಿ,
ನಿನ್ನ ಮಾರ್ಷಲ್