ಕೌದಿಯ ಜೊತೆ ಕಡವಿನ ಕಥೆಯೂ ಬರಲಿ

ಮಾನ್ಯರೇ,

ಅಮೆರಿಕದ ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿರುವ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಜೀಸ್ ಬೆಂಡ್ ಊರಿನ ಕೌದಿಗಳನ್ನು ಹೊಗಳುವ ಬರಹಗಳು ಅಲ್ಲಿನ ನದಿಯನ್ನು ಮರೆಯಬಾರದು. ಅಲಬಾಮಾ ನದಿ ಊರನ್ನು ಮೂರು ಕಡೆ ಸುತ್ತಿದೆ. ಕೌಂಟಿ ಕೇಂದ್ರ ಕ್ಯಾಮ್ಡನ್ ಇರುವುದು ಆಚೆ ದಡದ ಕಡೆ. ರಸ್ತೆ ಹಿಡಿದರೆ ಸುಮಾರು 40 ಮೈಲಿ. ಊರಿನ ಕಪ್ಪು ಜನ ಕ್ಯಾಮ್ಡನ್‌ಗೆ ದಾಟಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟ ಕಾಲದಲ್ಲಿ, 1962ರಲ್ಲಿ, ನದಿ ದಾಟಿಸುವ ದೋಣಿ ಕಡವು ನಿಂತಿತು. ಮತ್ತೆ ಶುರುವಾದದ್ದು 2006ರಲ್ಲಿ. 44 ವರ್ಷ ಕಚೇರಿಗೂ ಅಂಗಡಿಗೂ ಆ ಸುತ್ತುದಾರಿಯೇ ಗತಿ!

ಹೊಲದ ದುಡಿಮೆಯಲ್ಲಿ ಸವೆದ ಡೆನಿಮ್ ಪ್ಯಾಂಟು, ಅಂಗಿಗಳೇ ಅಲ್ಲಿನ ಹಳೆಯ ಕೌದಿಗಳ ಬಟ್ಟೆ. 'ಹೌಸ್‌ಟಾಪ್' ಮಾದರಿಯಲ್ಲಿ ನಡುವೆ ಒಂದು ಚೌಕ ಇಟ್ಟು, ಸುತ್ತ ಪಟ್ಟಿ ಸೇರಿಸುತ್ತ ಹೊರಕ್ಕೆ ಬೆಳೆಸುತ್ತಾರೆ. ಪಟ್ಟಿಗಳ ಅಗಲ ಒಂದೇ ಸಮ ಇರಬೇಕಿಲ್ಲ. ಆದರೆ ಮೇಲ್ಪದರ, ಹತ್ತಿ, ಅಡಿಬಟ್ಟೆ ಮೂರನ್ನೂ ಹಿಡಿಯುವ ಹೊಲಿಗೆಯ ಸಾಲುಗಳು ದೂರವಾದರೆ, ಒಗೆದಾಗ ಹತ್ತಿ ಸರಿದು ಗಂಟುಕಟ್ಟುತ್ತದೆ. ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ದಾರಿ ಇದಕ್ಕೆ ತಿರುಗುಮುರುಗು: ಹಳೆ ಸೀರೆಯ ಮೇಲೆ ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ.

1966ರಲ್ಲಿ ಕೌಂಟಿಯಲ್ಲಿ ಹುಟ್ಟಿದ 'ಫ್ರೀಡಂ ಕ್ವಿಲ್ಟಿಂಗ್ ಬೀ' ಸಹಕಾರ ಸಂಘ ಹೆಂಗಸರ ಕೈಗೆ ಸ್ವಂತ ದುಡ್ಡು ತಂದಿತು. 1972ರಿಂದ ಸಿಯರ್ಸ್ ಎಂಬ ದೊಡ್ಡ ಅಂಗಡಿ ಕಂಪನಿಗೆ ಕಾರ್ಡುರಾಯ್ (ಗೀರುಗೀರಾದ ದಪ್ಪ ಬಟ್ಟೆ) ದಿಂಬಿನ ಹೊದಿಕೆ ಹೊಲಿದುಕೊಟ್ಟರು. ಉಳಿದ ತುಂಡುಗಳು ಆ ಕಾಲದ ಕೌದಿಗಳಲ್ಲಿ ಎದ್ದು ಕಾಣುತ್ತವೆ. ಇಂಥ ಕೌದಿಯ ಚಿತ್ರ ಅಚ್ಚಾಗುವಾಗ ಬಟ್ಟೆ ಎಲ್ಲಿಂದ ಬಂತು, ಕಡವು ಯಾವಾಗ ನಿಂತಿತು ಎಂಬುದಕ್ಕೂ ಎರಡು ಸಾಲು ಜಾಗ ಕೊಡಿ.

– ಕೌದಿ ಕಸುಬಿನ ಆಸಕ್ತರು, ಹಳಿಯಾಳ