ಪ್ರೋಟೀನ್ ಶೇಕ್ ಮುಖ ಕಿವುಚಿಕೊಂಡು ಕುಡಿಯಬೇಕಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಬಂದ ಪ್ರೋಟೀನ್ ಶೇಕ್ ಬರಹ ಓದಿದೆ. ಇಂಥ ವಿಷಯ ಪತ್ರಿಕೆಯಲ್ಲಿ ಬರಬೇಕು, ಬಂದದ್ದು ಖುಷಿಯಾಯಿತು. ಆದರೆ ಅದರಲ್ಲಿ ಹೇಳಿದ ಬ್ಲೂಬೆರ್ರಿ, ಬಾದಾಮಿ ಹಾಲು, ಚಿಯಾ ಬೀಜ ಇವನ್ನೆಲ್ಲ ನಮ್ಮ ಸಾಗರದ ಸಂತೆಯಲ್ಲಿ ಎಲ್ಲಿ ಅಂತ ಹುಡುಕುವುದು? ಸಿಕ್ಕರೂ ದಿನಾ ಕೊಳ್ಳುವಷ್ಟು ಅನುಕೂಲ ಎಷ್ಟು ಮನೆಗಳಿಗಿದೆ? ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಇಡೀ ಬರಹದಲ್ಲಿ ರುಚಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಾಲನ್ನು ಸೇರಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಾಗರದಲ್ಲಿ ಸಣ್ಣದೊಂದು ಜ್ಯೂಸ್ ಅಂಗಡಿ ನಡೆಸುತ್ತೇನೆ. ಸಂಜೆ ಜಿಮ್ ಮುಗಿಸಿದ ಹುಡುಗರು ಬರುತ್ತಾರೆ. ಬ್ಯಾಗಿನಿಂದ ಪುಡಿ ತೆಗೆದು, "ಅಕ್ಕಾ, ಇದನ್ನ ಹಾಲಿಗೆ ಹಾಕಿ ಒಂದು ಸುತ್ತು ತಿರುಗಿಸಿಕೊಡಿ" ಅನ್ನುತ್ತಾರೆ. ಕೊಟ್ಟದ್ದನ್ನು ಕಣ್ಣು ಮುಚ್ಚಿ ಗಟಗಟ ಕುಡಿದು ಮುಖ ಕಿವುಚುತ್ತಾರೆ. ಯಾಕಪ್ಪಾ ಅಂದರೆ, "ಪ್ರೋಟೀನ್ ಅಂದ್ರೆ ಹಿಂಗೇ ಇರೋದು ಅಕ್ಕಾ" ಅಂತ ಅವರೇ ಸಮಾಧಾನ ಹೇಳುತ್ತಾರೆ. ಸ್ವಲ್ಪ ದಿನ ಹೋದ ಮೇಲೆ ಎಷ್ಟೋ ಜನ ನಿಲ್ಲಿಸಿಯೇ ಬಿಡುತ್ತಾರೆ. ಸಾವಿರಾರು ರೂಪಾಯಿಯ ಡಬ್ಬ ಅರ್ಧಕ್ಕೇ ಮೂಲೆ ಸೇರುತ್ತದೆ. ನಾಲಿಗೆ ಒಪ್ಪದ್ದನ್ನು ದಿನಾ ಕುಡಿಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಕುಡಿಯದೇ ಬಿಟ್ಟ ಮೇಲೆ ಅದರಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಇದ್ದು ಏನು ಪ್ರಯೋಜನ?

ಹುಡುಗರ ಮಾತು ಮಾತ್ರ ಅಲ್ಲ. ನಮ್ಮ ಅತ್ತೆ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಆಪರೇಷನ್ ಆಯಿತು. ಪ್ರೋಟೀನ್ ಜಾಸ್ತಿ ಕೊಡಿ, ಇಲ್ಲದಿದ್ದರೆ ಮೈಯಲ್ಲಿ ಕಸುವು ಬರಲ್ಲ ಅಂತ ಡಾಕ್ಟರ್ ಹೇಳಿದರು. ಔಷಧಿ ಅಂಗಡಿಯಿಂದ ತಂದ ವೆನಿಲಾ ವಾಸನೆಯ ಪುಡಿಯನ್ನು ಅತ್ತೆ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ಎಷ್ಟು ಹೇಳಿದರೂ ಬಾಯಿಗೆ ಇಡಲಿಲ್ಲ. ಅವರಿಗೆ ಹೆಸರುಕಾಳು ಪಾನಕ ಇಷ್ಟ. ಅದನ್ನೇ ಸ್ವಲ್ಪ ಬದಲಾಯಿಸಿ ಮಾಡಿಕೊಟ್ಟೆ. ಕೇಳಿ ಹಾಕಿಸಿಕೊಂಡು ಕುಡಿದರು.

ಎಷ್ಟು ಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಆರೋಗ್ಯವಾಗಿರುವ ದೊಡ್ಡವರಿಗೆ ದೇಹದ ತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ಭಾರ ಎತ್ತುವವರಿಗೆ, ಕಾಯಿಲೆಯಿಂದ ಎದ್ದವರಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ. ಈಗ ನಮ್ಮ ಮಲೆನಾಡಿನ ಊಟ ನೋಡಿ. ಬೆಳಿಗ್ಗೆ ಕಡುಬು, ಅಕ್ಕಿ ರೊಟ್ಟಿ, ಇಲ್ಲಾಂದ್ರೆ ದೋಸೆ. ಮಧ್ಯಾಹ್ನ ಅನ್ನ, ತಂಬುಳಿ, ತಿಳಿಸಾರು. ರಾತ್ರಿ ಮತ್ತೆ ಅನ್ನ. ಮೀನು, ಮೊಟ್ಟೆ ತಿನ್ನುವ ಮನೆಗಳಲ್ಲಿ ಪರವಾಗಿಲ್ಲ, ಉಳಿದವರದು ಎಲ್ಲ ಅಕ್ಕಿಯೇ. ಅಕ್ಕಿಯಲ್ಲಿ ಪ್ರೋಟೀನ್ ಕಡಿಮೆ. ಇರುವುದರಲ್ಲೂ ಲೈಸಿನ್ ಅನ್ನುವ ಅಂಶ ಸಾಲದು. ಕಾಳು ಬೇಳೆಯಲ್ಲಿ ಲೈಸಿನ್ ಬೇಕಾದಷ್ಟಿದೆ. ಹಾಗಾಗಿ ಕಡುಬಿನ ಜೊತೆ ಒಂದು ಲೋಟ ಕಾಳಿನ ಶೇಕ್ ಇದ್ದರೆ ಅಕ್ಕಿಯ ಕೊರತೆಯನ್ನು ಕಾಳು ತುಂಬಿಕೊಡುತ್ತದೆ.

ಅಂಗಡಿಯಲ್ಲಿ ನಾನು ಮಾಡುವುದು ಹೀಗೆ. ಒಂದು ದೊಡ್ಡ ಲೋಟಕ್ಕೆ 250 ಮಿಲಿ ಹಾಲು, 30 ಗ್ರಾಂ ಹುರಿಗಡಲೆ, 20 ಗ್ರಾಂ ಶೇಂಗಾ, ಒಂದು ಪುಟ್ಟಬಾಳೆ. ಹಾಲಿನಿಂದ 8 ಗ್ರಾಂ, ಹುರಿಗಡಲೆಯಿಂದ ಆರು ಆರೂವರೆ, ಶೇಂಗಾದಿಂದ ಐದರ ಹತ್ತಿರ. ಎಲ್ಲ ಸೇರಿ ಸುಮಾರು 20 ಗ್ರಾಂ ಪ್ರೋಟೀನ್. ಡಬ್ಬದ ಪುಡಿಯ ಒಂದು ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವುದು 20ರಿಂದ 25 ಗ್ರಾಂ. ಇನ್ನೂ ಬೇಕು ಅನ್ನುವವರಿಗೆ ಎರಡು ಚಮಚ ಕೆನೆ ತೆಗೆದ ಹಾಲಿನ ಪುಡಿ ಸೇರಿಸುತ್ತೇನೆ. ಅದರ ತೂಕದಲ್ಲಿ ಮೂರನೇ ಒಂದು ಭಾಗ ಪ್ರೋಟೀನೇ. ರುಚಿಯೂ ಹಾಲಿನದೇ ಆದ್ದರಿಂದ ಸೇರಿಸಿದ್ದು ಗೊತ್ತೇ ಆಗಲ್ಲ.

ಸಾಮಾನು ಇಷ್ಟೇ. ರುಚಿ ಬರುವುದು ಮಾಡುವ ರೀತಿಯಿಂದ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಅವಸರ ಮಾಡಿದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಉದುರುವ ಹದಕ್ಕೆ ಇಳಿಸಿ, ಬಟ್ಟೆಯಲ್ಲಿ ಹಾಕಿ ಉಜ್ಜಿ, ಮೊರದಲ್ಲಿ ಕೇರಬೇಕು. ಆ ಕೆಂಪು ಸಿಪ್ಪೆಯೇ ಶೇಕ್‌ನಲ್ಲಿ ಒಗರು ಬರಿಸುವುದು. ಕುಡಿದ ಮೇಲೆ ನಾಲಿಗೆ ಒಣಗಿದ ಹಾಗೆ ಆಗುತ್ತದಲ್ವಾ, ಮುಕ್ಕಾಲು ಪಾಲು ಅದಕ್ಕೇ. ಮಿಕ್ಸಿಗೆ ಒಮ್ಮೆಲೇ ಎಲ್ಲ ಹಾಲು ಸುರಿಯಬಾರದು. ಸುರಿದರೆ ಶೇಂಗಾ ಚೂರು ಸುಮ್ನೆ ಸುತ್ತುತ್ತಾ ಇರುತ್ತದೆ. ಮೊದಲು ಹುರಿಗಡಲೆ, ಶೇಂಗಾ ಎರಡನ್ನೂ ಒಣದಾಗಿ ಪುಡಿ ಮಾಡಿ, ನಾಲ್ಕು ಚಮಚ ಹಾಲು ಹಾಕಿ ಚಟ್ನಿಯ ಹಾಗೆ ನುಣ್ಣಗೆ ರುಬ್ಬಬೇಕು. ಬೆರಳಿಗೆ ತರಿ ಸಿಗಬಾರದು. ಆಮೇಲೆ ಬಾಳೆಹಣ್ಣು, ಉಳಿದ ತಣ್ಣನೆ ಹಾಲು. ಕೊನೆಗೆ ಒಂದು ಚಿಟಿಕೆ ಉಪ್ಪು.

ಉಪ್ಪು ಅಂದ ಕೂಡಲೇ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆದರೆ ಕಹಿಯನ್ನು ಅಡಗಿಸಲು ಸಕ್ಕರೆಗಿಂತ ಉಪ್ಪು ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪಿನ ರುಚಿ ಗೊತ್ತಾಗುವಷ್ಟು ಹಾಕಬಾರದು, ಅಷ್ಟೇ. ಉಪ್ಪು ಹಾಕಿದ ಮೇಲೆ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ಅರ್ಧ ಚಮಚ ಸಾಕು. ಬಾಳೆಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲವೇ ಬೇಡ. ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ ಅನ್ನುವುದು ನಮ್ಮ ಹೆಂಗಸರಿಗೆಲ್ಲ ಗೊತ್ತು, ಶೇಕ್ ಮಾಡಲು ಹೊರಟ ಹುಡುಗರಿಗೆ ಹೇಳಬೇಕು.

ಇನ್ನು ಅನಾನಸ್. ನಮ್ಮ ಸಾಗರ, ಸೊರಬದ ಕಡೆ ಅನಾನಸ್ ಬೆಳೆಯುವವರು ಬೇಕಾದಷ್ಟು ಜನ. ಮನೆಯ ಹಣ್ಣು ಅಂತ ಪ್ರೀತಿಯಿಂದ ಹಾಲಿನ ಶೇಕ್‌ಗೆ ಹಾಕುತ್ತಾರೆ. ಐದೇ ನಿಮಿಷಕ್ಕೆ ಅದು ಕಹಿ ಕಹಿ. ಹಾಲು ಹಳೆಯದು ಅಂದುಕೊಂಡು ಚೆಲ್ಲುತ್ತಾರೆ. ಹಾಲಿನದು ತಪ್ಪಿಲ್ಲ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ, ಆ ತುಂಡುಗಳು ಕಹಿ. ಪರಂಗಿ ಹಣ್ಣಿನಲ್ಲೂ ಇಂಥದ್ದೇ ಒಂದಿದೆ, ಕಾಯಿ ಬಲಿಯದಿದ್ದರೆ ಜಾಸ್ತಿ. ಉಪಾಯ ಸುಲಭ. ಅನಾನಸ್ ಹೋಳನ್ನು ಚೂರು ಬೆಲ್ಲದ ಜೊತೆ ಕೆಲವು ನಿಮಿಷ ಕುದಿಸಿ, ಪೂರ್ತಿ ಆರಿಸಿ ಹಾಕಿ. ಬಿಸಿಗೆ ಆ ಕಿಣ್ವ ಸತ್ತುಹೋಗುತ್ತದೆ. ಹಾಲಿನ ಬದಲು ಗಟ್ಟಿ ಮೊಸರಿಗೆ ಹಾಕಿದರೆ ಹುಳಿಗೆ ಹುಳಿ ಹೊಂದಿಕೊಳ್ಳುತ್ತದೆ. ಮೇಲೆ ಎರಡು ಏಲಕ್ಕಿ ಕುಟ್ಟಿ ಹಾಕಿ ನೋಡಿ. ನಮ್ಮ ಅಂಗಡಿಯಲ್ಲಿ ಬೇಸಿಗೆಯಲ್ಲಿ ಜಾಸ್ತಿ ಕೇಳುವುದು ಇದನ್ನೇ.

ಅತ್ತೆಗೆ ಮಾಡಿದ ಹೆಸರುಕಾಳಿನದನ್ನೂ ಹೇಳಬೇಕು. ಕಾಳನ್ನು ಘಮ್ ಅನ್ನುವ ಹಾಗೆ ಹುರಿದು, ನೆನೆಸಿ, ರುಬ್ಬಿ, ಬೆಲ್ಲ ಏಲಕ್ಕಿ ಹಾಕುವುದು ಮಾಮೂಲಿ ಪಾನಕ. ವಯಸ್ಸಾದವರ ಹೊಟ್ಟೆಗೆ ಅದು ಭಾರ. ಅದಕ್ಕೆ ನಾನು ಹುರಿದ ಕಾಳನ್ನು ಮೆತ್ತಗೆ ಬೇಯಿಸುತ್ತೇನೆ. ಪಾನಕ ತಿಳಿಯಾಗಲಿ ಅಂತ ಸೋಸುವ ರೂಢಿ ಇದೆ. ಸೋಸಿದರೆ ಪ್ರೋಟೀನಿನ ಒಂದು ಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ಸೋಸದೆ ನುಣ್ಣಗೆ ರುಬ್ಬಿ, ಒಂದು ಚಮಚ ಹುರಿದ ಬಿಳಿ ಎಳ್ಳು ಸೇರಿಸಿ. ಲೈಸಿನ್ ಹಾಗೆಯೇ ಮೆಥಿಯೋನಿನ್ ಅಂತ ಪ್ರೋಟೀನಿನ ಇನ್ನೊಂದು ಅಂಶ ಇದೆ, ಕಾಳಿನಲ್ಲಿ ಕಡಿಮೆ ಇರುವ ಅದು ಎಳ್ಳಿನಲ್ಲಿದೆ. ಎಳ್ಳು ಪಾನಕ ಕುಡಿದು ಬೆಳೆದವರಿಗೆ ಆ ರುಚಿ ಹೊಸದೂ ಅಲ್ಲ. ಹಾಲು ಬೆರೆಸಿ ಉಗುರು ಬೆಚ್ಚಗೆ ಕೊಟ್ಟರೆ ಮಳೆಗಾಲದಲ್ಲೂ ಕುಡಿಯಬಹುದು.

ಡಬ್ಬದ ಪುಡಿ ಕುಡಿಯುವವರನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಪುಡಿಗಳಲ್ಲಿ ಹೆಚ್ಚಾಗಿ ಇರುವ ವ್ಹೇ ಅನ್ನುವುದು ಹಾಲಿನಿಂದಲೇ ಬರುವುದು, ಚೀಸ್ ಮಾಡುವಾಗ ಉಳಿಯುವ ನೀರಿನಿಂದ. ಅದಕ್ಕೇ ಕೆಲವರು ಮನೆಯಲ್ಲಿ ಪನೀರ್ ಮಾಡಿದ ನೀರನ್ನು ಪ್ರೋಟೀನ್ ಅಂತ ಲೋಟಗಟ್ಟಲೆ ಕುಡಿಯುತ್ತಾರೆ. ಆ ನೀರು ಒಳ್ಳೆಯದೇ, ಆದರೆ ಒಂದು ಲೋಟದಲ್ಲಿ ಒಂದೆರಡು ಗ್ರಾಂಗಿಂತ ಜಾಸ್ತಿ ಇರಲ್ಲ. ಪುಡಿಯೇ ಬೇಕು ಅನ್ನುವವರು ಮೊದಲು ಹಾಲು ಹಾಕಿ, ಆಮೇಲೆ ಪುಡಿ ಹಾಕಲಿ. ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಜಾಸ್ತಿ ಹೊತ್ತು ಮಿಕ್ಸಿ ತಿರುಗಿಸಿದರೆ ಬರೀ ನೊರೆ. ಚಾಕೊಲೇಟ್ ಪುಡಿಯಾದರೆ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸಿ ನೋಡಲಿ. ಪುಡಿಯ ಆ ಒಂಥರಾ ಸಿಹಿ ಕಾಫಿಯ ಮುಂದೆ ಅಡಗುತ್ತದೆ. ಮಲೆನಾಡಿನಲ್ಲಿ ಕಾಫಿಗೇನು ಬರವೇ?

ಆದರೆ ಇದೇ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ, ಊಟದಿಂದಲೇ ಪಡೆಯಿರಿ ಅಂತ ಹೇಳಿದೆ ಅನ್ನುವುದನ್ನು ಹುಡುಗರು ತಿಳಿದಿರಬೇಕು. ಸಕ್ಕರೆ, ಕೃತಕ ಸಿಹಿ, ಕೃತಕ ಪರಿಮಳ ಸೇರಿಸಿರುವ ಸಾಧ್ಯತೆಯನ್ನೂ ಅದು ಎತ್ತಿ ಹೇಳಿದೆ. ಹಸಿ ಮೊಟ್ಟೆ ಒಡೆದು ಹಾಕಿ ಅಂತ ಕೇಳುವವರಿಗೆ ನಾನು ಹಾಕಿಕೊಡುವುದಿಲ್ಲ. ಬೇಯಿಸಿದ ಮೊಟ್ಟೆಯ ಪ್ರೋಟೀನೇ ಮೈಗೆ ಚೆನ್ನಾಗಿ ಹತ್ತುವುದು, ಹಸಿಯದರಲ್ಲಿ ರೋಗಾಣುವಿನ ಭಯ ಬೇರೆ. ಎರಡು ಬೇಯಿಸಿದ ಮೊಟ್ಟೆ ಪಕ್ಕದಲ್ಲಿ ತಿಂದು ಮೇಲೆ ಶೇಕ್ ಕುಡಿದರೆ ಆಯಿತಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಯಾವ ಪ್ರೋಟೀನ್ ಶೇಕನ್ನೂ ಶುರು ಮಾಡಬಾರದು, ಮನೆಯಲ್ಲಿ ಮಾಡಿದ್ದಾದರೂ ಸರಿ.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ಇಲ್ಲಿನ ಮಳೆಗೆ ಶೇಂಗಾ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದ, ಕಮಟಾದ, ಸುಕ್ಕುಗಟ್ಟಿ ಬಣ್ಣ ತಿರುಗಿದ ಕಾಳನ್ನು ಆರಿಸಿ ಎಸೆಯಿರಿ. ಆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗಲ್ಲ. ಹುರಿಗಡಲೆ, ಶೇಂಗಾ ಪುಡಿಯನ್ನು ತಿಂಗಳಿಗಾಗುವಷ್ಟು ಮಾಡಿಡುವುದು ಬೇಡ. ವಾರಕ್ಕೆ ಬೇಕಾದಷ್ಟು ಮಾಡಿ, ಒಣಗಿದ ಗಾಳಿಯಾಡದ ಡಬ್ಬದಲ್ಲಿಡಿ. ಕರೆಂಟ್ ಹೋಗಿ ಮಿಕ್ಸಿ ಓಡದ ದಿನವೂ ಪುಡಿ ಇದ್ದರೆ ಮಜ್ಜಿಗೆ ಕಡೆಯುವ ಕಡಗೋಲಿನಲ್ಲೇ ಶೇಕ್ ಆಗುತ್ತದೆ. ನಾನು ಅಂಗಡಿಯಲ್ಲೂ ಹಾಗೆ ಮಾಡಿಕೊಟ್ಟಿದ್ದೇನೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಪುರವಣಿಯಲ್ಲಿ ಇಂಥ ಅಡುಗೆ ಹಾಕುವಾಗ ನಮ್ಮ ಊರಲ್ಲಿ ಸಿಗುವ ಸಾಮಾನು ಹೇಳಿ. ಒಂದು ಲೋಟದಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಅಂತ ಪಕ್ಕದಲ್ಲೇ ಬರೆಯಿರಿ. ಮಾಡಿ, ಕುಡಿದು ನೋಡಿದವರ ಕೈಯಿಂದಲೇ ಬರೆಸಿ. ನಮ್ಮ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಅಲ್ಲಿನ ತಿಳಿದವರನ್ನು ಕೇಳಿ ಹುರುಳಿ, ಹೆಸರು, ಎಳ್ಳು, ರಾಗಿ ಬಳಸಿ ಮಾಡುವ ನಾಲ್ಕಾರು ಬಗೆಯನ್ನು ಅಳತೆ ಸಮೇತ ಪ್ರಕಟಿಸಿ. ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ಕಾಲೇಜು ಶುರುವಾಗಿ ಹುಡುಗರೆಲ್ಲ ಊರಿಗೆ ಬರುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.

ಇಂತಿ,
ಜ್ಯೂಸ್ ಅಂಗಡಿ ನಡೆಸುವ ನಿಮ್ಮ ಓದುಗಳು
ಸಾಗರ, ಶಿವಮೊಗ್ಗ ಜಿಲ್ಲೆ