ಕತ್ತಲೆ ಅಭ್ಯಾಸಕ್ಕೆ ಇನ್ವರ್ಟರ್ ತೊಡಕು

ಮಾನ್ಯರೇ,

2025ರ ಮೇ 7ರಂದು ನಡೆದ ನಾಗರಿಕ ರಕ್ಷಣಾ ಅಣಕು ಕವಾಯತಿಗೆ ನಮ್ಮ ರಾಜ್ಯದಿಂದ ಬೆಂಗಳೂರು, ಕಾರವಾರ, ರಾಯಚೂರು ಆಯ್ಕೆಯಾಗಿದ್ದವು. ಏರಿಳಿಯುವ ಸೈರನ್ ಎಂದರೆ ದಾಳಿಯ ಎಚ್ಚರಿಕೆ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಎಂಬುದು ಬಹಳ ಜನಕ್ಕೆ ಆಗ ತಿಳಿಯಿತು. ಆದರೆ ಶತ್ರು ವಿಮಾನಕ್ಕೆ ಊರು ಕಾಣದಂತೆ ದೀಪ ಆರಿಸುವ ವಿಷಯದಲ್ಲಿ ನಾವಿನ್ನೂ 1971ರ ಯುದ್ಧದ ಕಾಲದಲ್ಲೇ ಇದ್ದೇವೆ.

ಆಗ ಕರೆಂಟ್ ತೆಗೆದರೆ ಊರು ಕತ್ತಲಾಗುತ್ತಿತ್ತು. ಈಗ ಮೇನ್ ಸ್ವಿಚ್ ಆರಿಸಿದರೆ ಇನ್ವರ್ಟರ್ ತಾನಾಗಿ ದೀಪ ಹೊತ್ತಿಸುತ್ತದೆ. ಆದ್ದರಿಂದ ಮೊದಲು ಕೋಣೆಗಳ ಸ್ವಿಚ್‌ಗಳನ್ನೇ ಆರಿಸಬೇಕು. ಸೋಲಾರ್ ಬೀದಿದೀಪಕ್ಕೆ ಸಬ್‌ಸ್ಟೇಷನ್ನಿನ ಹಂಗಿಲ್ಲ. ಅದನ್ನು ಆರಿಸುವವರು ಯಾರೆಂದು ಪಂಚಾಯಿತಿ, ನಗರಸಭೆಗಳು ಮೊದಲೇ ಗೊತ್ತುಮಾಡಬೇಕು. ಗೇಟಿನ ಸೆನ್ಸರ್ ದೀಪ ಇನ್ನೂ ತೊಂದರೆ: ಜನ ಓಡಾಡಿದಾಗಲೇ ಹೊತ್ತಿಕೊಳ್ಳುತ್ತದೆ.

ಆಕ್ಸಿಜನ್ ಯಂತ್ರ ಬೇಕಾದ ರೋಗಿಗಳಿರುವ ಮನೆಯಲ್ಲಿ ವಿದ್ಯುತ್ ಕಡಿಯಲೇಬಾರದು. ಒಳಕೋಣೆಯೊಂದಕ್ಕೆ ದಪ್ಪ ಕಪ್ಪು ಬಟ್ಟೆ ಕಟ್ಟಿದರೆ ಸಾಕು. ಬಟ್ಟೆ ಕಿಟಕಿಯ ಚೌಕಟ್ಟಿಗಿಂತ ನಾಲ್ಕು ಬೆರಳಾದರೂ ಅಗಲವಿರಲಿ, ಬೆಳಕು ಸೋರುವುದು ಅಂಚಿನಲ್ಲೇ. ಬಚ್ಚಲಿನ ವೆಂಟಿಲೇಟರ್ ಎಲ್ಲರಿಗೂ ಮರೆತುಹೋಗುತ್ತದೆ. ಒಳಗೆ ದೀಪ ಹಾಕಿ, ಒಬ್ಬರು ಬೀದಿಯಲ್ಲಿ ನಿಂತು ಮನೆಯ ನಾಲ್ಕೂ ಕಡೆ ನೋಡಬೇಕು.

ಮುಂದಿನ ಕವಾಯತನ್ನು ಆಯ್ದ ಕಟ್ಟಡಗಳಿಗೆ ಸೀಮಿತಗೊಳಿಸದೆ, ಒಂದು ಇಡೀ ವಾರ್ಡಿನಲ್ಲಿ ರಾತ್ರಿ ಹೊತ್ತು ನಡೆಸಿ ಎಂದು ಜಿಲ್ಲಾಡಳಿತಗಳನ್ನು ಕೋರುತ್ತೇನೆ.

– ಓದುಗ, ರಾಯಚೂರು